ಎದುರು ಮನೆಯಾಕೆಗೆ ಒಂದು ಗಾಡಿ

ಜನವರಿ 11

ಲೇ ಗೊಣಗಿ,

ಫೋನ್ ಮಾಡು ಎಂದು ಬರೆದಿದ್ದೀಯ. ಮಾಡಿ ಏನು ಪ್ರಯೋಜನ ಹೇಳು? ಹದಿನೇಳು ವರ್ಷ ಗ್ರೈಂಡಿಂಗ್ ಮೆಷಿನ್ ಪಕ್ಕದಲ್ಲಿ ನಿಂತು ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಅರ್ಧ ಉಳಿದಿದೆ. ಫೋನಿನಲ್ಲಿ ನೀನು ಗುಂಯ್ ಎನ್ನುತ್ತೀಯ, ನಾನು ಹ್ಞಾಂ ಎನ್ನುತ್ತೇನೆ, ನಿನ್ನ ಭಾವ ನಡುವೆ ನಿಂತು ನಿನ್ನ ಮಾತನ್ನು ನನಗೆ ಕೂಗಿ ಹೇಳಬೇಕು. ಅವರು ಲೆಕ್ಕದ ಮೇಷ್ಟ್ರು. ಎಲ್ಲವನ್ನೂ ಭಾಗಿಸಿ ಉಳಿದ ಶೇಷವನ್ನು ಮಾತ್ರ ಹೇಳುತ್ತಾರೆ. ನಮಗೆ ಕಾಗದವೇ ಸರಿ.

ವಾಂತಿ ನಿಂತಿತೇ? ಹಾಲು ಕುಡಿಯುತ್ತಿದ್ದೀಯಾ? ಲಾಂಡ್ರಿ ಕೌಂಟರಿನಲ್ಲಿ ನಿಂತೇ ಇರಬೇಡ, ಒಂದು ಸ್ಟೂಲ್ ಕೇಳಿ ಇಸಿದುಕೋ. ಮಗು ಒದೆಯಲು ಶುರುಮಾಡಿದ ದಿನ ತಾರೀಖು ಸಮೇತ ನನಗೆ ಬರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ.

ನವೆಂಬರಿನಲ್ಲಿ ನಿನ್ನ ಅಡುಗೆಮನೆಯಲ್ಲಿ ಕೂತಿದ್ದೆವಲ್ಲ, ಅದನ್ನು ದಿನಕ್ಕೆ ಹತ್ತು ಸಲ ನೆನೆಯುತ್ತೇನೆ. ನೀನು ಅಳುತ್ತಾ, "ಈ ಬುಗುರಿ ಒಬ್ಬಳಿಗೇ ನನ್ನ ಜೀವ ಸಾಕಾಗ್ತಿಲ್ಲ, ಇನ್ನೊಂದು ಮಗು ನನ್ನ ಕೈಲಾಗಲ್ಲ ಅಕ್ಕಾ" ಅಂದೆ. ನನಗೆ ಎಲ್ಲಿಂದ ಧೈರ್ಯ ಬಂತೋ, "ಹಾಗಾದ್ರೆ ನನಗೆ ಕೊಡ್ತೀಯಾ?" ಅಂತ ಕೇಳಿಬಿಟ್ಟೆ. ನೀನು ಒಂದು ಕ್ಷಣವೂ ಯೋಚಿಸಲಿಲ್ಲ. "ಕೊಡ್ತೀನಿ. ಆಸ್ಪತ್ರೆಯಿಂದಲೇ ಎತ್ಕೊಂಡು ಹೋಗು" ಅಂದೆ. ನೀನು ನನ್ನ ಬಲಗಡೆ ಕೂತಿದ್ದೆ, ಪ್ರತಿ ಅಕ್ಷರವೂ ಕೇಳಿಸಿತು. ನಾಲ್ಕು ಸಲ ಹೊಟ್ಟೆಯಲ್ಲಿ ನಿಲ್ಲದೆ ಹೋದ ಮೇಲೆ, ಈ ನಲವತ್ತೊಂದನೇ ವಯಸ್ಸಿನಲ್ಲಿ, ಕೇಳಿದ ಕೂಡಲೇ ಸಿಕ್ಕಿದ ಮೊದಲ ವಸ್ತು ಇದೇ ಕಣೇ. ಛೆ, ವಸ್ತು ಅಂದುಬಿಟ್ಟೆ. ಕಬ್ಬಿಣ ಕುಟ್ಟುವವಳ ಭಾಷೆ, ಕ್ಷಮಿಸು.

ನಮ್ಮ ಗಾಲಿಕುರ್ಚಿ ರಿಪೇರಿ ಅಂಗಡಿಗೆ ಮಗುವನ್ನು ಕೂರಿಸುವ ಹಳೆಯದೊಂದು ತಳ್ಳುಗಾಡಿ ಬಂದಿತ್ತು. ಯಾರೋ ಬೇಡವೆಂದು ಬಿಟ್ಟುಹೋದದ್ದು. ಚೌಕಟ್ಟು ಗಟ್ಟಿಯಾಗಿದೆ. ಬೇರಿಂಗ್ ಬದಲಾಯಿಸಿದೆ, ತುಕ್ಕು ಉಜ್ಜಿದೆ. ಸೀಟಿಗೆ ನೇರಳೆ ಬಣ್ಣದ ಬಟ್ಟೆ ತಂದು ನಾನೇ ಹೊಲಿಯುತ್ತಿದ್ದೇನೆ. ಅಂಗಡಿಯ ಯಜಮಾನರು ನೋಡಿ, "ಯಾವ ಗಿರಾಕಿದಮ್ಮ ಇದು, ಇಷ್ಟು ಮುದ್ದು ಮಾಡ್ತಿದೀಯ?" ಅಂದರು. "ಮೇ ತಿಂಗಳಲ್ಲಿ ಬರೋ ಗಿರಾಕಿದು" ಅಂದೆ. ನಗು ತಡೆಯಲಾಗಲಿಲ್ಲ.

ಬುಗುರಿಗೆ ದೊಡ್ಡಮ್ಮನ ಮುತ್ತು.

ನಿನ್ನ ಅಕ್ಕ


ಜನವರಿ 29

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ವಾಂತಿ ನಿಂತಿದೆ. ಸ್ಟೂಲ್ ಕೊಟ್ಟಿದ್ದಾರೆ, ಒಂದು ಕಾಲು ಮೋಟು, ಕೂತರೆ ನಾನೇ ಬುಗುರಿಯ ಹಾಗೆ ತಿರುಗುತ್ತೇನೆ.

ಮಗು ಒದೆಯುವ ವಿಷಯ ಆಮೇಲೆ ಬರೆಯುತ್ತೇನೆ.

ನಿನ್ನಿಂದ ಒಂದು ಸಲಹೆ ಬೇಕಿತ್ತು. ನನಗಲ್ಲ. ನಮ್ಮ ಎದುರು ಮನೆಯವಳಿಗೆ. ಹೊಸದಾಗಿ ಬಂದಿದ್ದಾಳೆ. ಎರಡು ವರ್ಷದ್ದೊಂದು ಮಗು ಇದೆ, ಇನ್ನೊಂದು ಬರುವುದರಲ್ಲಿದೆ. ಗಂಡ ದಿನವಿಡೀ ಕೆಲಸದ ಮೇಲೆ. ಎರಡನ್ನೂ ಒಬ್ಬಳೇ ಹೊರಗೆ ಕರೆದೊಯ್ಯಬೇಕಾದರೆ ಯಾವ ಗಾಡಿ ತೆಗೆದುಕೊಳ್ಳಲಿ ಎಂದು ಕೇಳುತ್ತಿದ್ದಾಳೆ. ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರಂತೆ. ನನ್ನ ಅಕ್ಕ ಇದೇ ಕೆಲಸ ಮಾಡುತ್ತಾಳೆ ಅಂದೆ. ಅವಸರವಿಲ್ಲ, ಬಿಡುವಾದಾಗ ಬರೆ.

ನೇರಳೆ ಬಣ್ಣ ಚೆನ್ನಾಗಿರುತ್ತದೆ.

ನಿನ್ನ ತಂಗಿ


ಫೆಬ್ರವರಿ 6

ಲೇ ಗೊಣಗಿ,

ಅವಸರವಿಲ್ಲ ಅಂತೀಯಲ್ಲ, ಇಂಥ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟು ಸುಮ್ಮನಿರು ಅಂದರೆ ಇರುತ್ತೇನೆಯೇ? ಊಟಕ್ಕೆ ಕೂತವಳು ಎದ್ದು ಬಂದು ಬರೆಯುತ್ತಿದ್ದೇನೆ.

ನಿನ್ನ ಎದುರು ಮನೆಯಾಕೆಗೆ ಮೊದಲು ಹೇಳು, ಅಂಗಡಿಗೆ ಹೋಗಿ ಬಣ್ಣ ನೋಡಿ ಮರುಳಾಗಬೇಡ ಅಂತ. ನಮ್ಮಲ್ಲಿಗೆ ರಿಪೇರಿಗೆ ಬರುವ ಗಾಡಿಗಳಲ್ಲಿ ಅರ್ಧಕ್ಕರ್ಧ ಕೆಟ್ಟಿರುವುದಿಲ್ಲ. ಮನೆಗೆ ಹೊಂದಿರುವುದಿಲ್ಲ, ಅಷ್ಟೇ.

ಅಕ್ಕಪಕ್ಕ ಎರಡು ಸೀಟಿನದು ಒಂದು ಬಗೆ. ಮಕ್ಕಳಿಬ್ಬರೂ ಮುಂದೆ ನೋಡುತ್ತಾರೆ, ಜಗಳವಿಲ್ಲ, ತಳ್ಳಲೂ ಹಗುರ. ಆದರೆ ಅದು ಅಗಲ. ಬಾಗಿಲಲ್ಲಿ ಸಿಕ್ಕಿಕೊಂಡರೆ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಇನ್ನು ದೊಡ್ಡದರ ಕೈ ಚಿಕ್ಕದರ ಮೂಗಿಗೆ ಎಟುಕುತ್ತದೆ, ಅದನ್ನು ಮರೆಯಬೇಡ. ಒಂದರ ಹಿಂದೆ ಒಂದು ಸೀಟು ಇರುವುದು ಇನ್ನೊಂದು ಬಗೆ. ಸಣ್ಣ ಬಾಗಿಲಲ್ಲಿ ನುಗ್ಗುತ್ತದೆ, ಆದರೆ ಉದ್ದ, ಭಾರ, ಮೆಟ್ಟಿಲು ಬಂದರೆ ಸೊಂಟ ಹೋಯಿತು. ಮೂರನೆಯದು, ಒಂಟಿ ಗಾಡಿಗೆ ಹಿಂದೆ ಒಂದು ಹಲಗೆ ಸಿಕ್ಕಿಸಿ ದೊಡ್ಡದನ್ನು ಅದರ ಮೇಲೆ ನಿಲ್ಲಿಸುವುದು. ಇದು ಹಗುರ, ಆದರೆ ಹೇಳಿದ ಮಾತು ಕೇಳುವ ಮಗುವಿಗೆ ಮಾತ್ರ. ನಿಂತಲ್ಲೇ ತೂಕಡಿಸುವ ಮಗುವಿಗೆ ಬೇಡವೇ ಬೇಡ.

ಯಾವುದಾದರೂ ಆಗಲಿ, ಹುಟ್ಟಿದ ಮಗು ಮೊದಲ ಆರು ತಿಂಗಳು ಚಪ್ಪಟೆಯಾಗಿ ಮಲಗಬೇಕು. ಕೂರಿಸಿದರೆ ಕತ್ತು ವಾಲುತ್ತದೆ. ಹಿಡಿಗೆ ಸಾಮಾನಿನ ಚೀಲ ನೇತುಹಾಕಲೇಬಾರದು, ಗಾಡಿ ಹಿಂದಕ್ಕೆ ಮಗುಚುತ್ತದೆ.

ಈಗ ಅವಳನ್ನು ಕೇಳಿ ಬರೆ: ಬಾಗಿಲು ಎಷ್ಟು ಅಗಲ (ಅಂದಾಜು ಬೇಡ, ಟೇಪ್ ಹಿಡಿದು ಅಳೆಯಲಿ), ಮೆಟ್ಟಿಲು ಎಷ್ಟು, ಲಿಫ್ಟ್ ನಡೆಯುತ್ತದೆಯೋ ಬರೀ ಶೋಕಿಗೋ, ರಸ್ತೆ ಇಳಿಜಾರೇ, ದೊಡ್ಡ ಮಗುವಿನ ತೂಕ ಎಷ್ಟು, ಸ್ವಭಾವ ಹೇಗೆ. ಸ್ವಭಾವ ಮುಖ್ಯ.

ಈ ಎಲ್ಲದರ ನಡುವೆ ನಮ್ಮ ಮಗುವಿನ ಬಗ್ಗೆ ಒಂದು ಸಾಲೂ ಬರೆದಿಲ್ಲ ನೀನು. ಒದೆಯಿತೋ ಇಲ್ಲವೋ?

ನಿನ್ನ ಅಕ್ಕ


ಫೆಬ್ರವರಿ 20

ಪ್ರೀತಿಯ ಅಕ್ಕ,

ಒದೆಯುತ್ತಿದೆ. ತಾರೀಖು ಬರೆದಿಟ್ಟುಕೊಳ್ಳಲಿಲ್ಲ.

ಎದುರು ಮನೆಯವಳು ಹೇಳಿದ್ದು ಇಷ್ಟು. ಬಾಗಿಲು ಎಪ್ಪತ್ತೊಂದು ಸೆಂಟಿಮೀಟರ್, ಟೇಪ್ ಹಿಡಿದೇ ಅಳೆದದ್ದು. ಕಟ್ಟಡದ ಮುಂದೆ ಏಳು ಮೆಟ್ಟಿಲು. ಲಿಫ್ಟ್ ವಾರಕ್ಕೆ ಎರಡು ದಿನ ಮುನಿಸಿಕೊಳ್ಳುತ್ತದೆ, ನಿನಗೇ ಗೊತ್ತು. ಮಾರುಕಟ್ಟೆಯವರೆಗೆ ಇಳಿಜಾರು, ಬರುವಾಗ ಏರು.

ಮಗುವಿಗೆ ಎರಡು ವರ್ಷ ನಾಲ್ಕು ತಿಂಗಳು, ಹನ್ನೆರಡು ಕಿಲೋ. ಕೈ ಬಿಟ್ಟರೆ ರಸ್ತೆಗೆ ಓಡುತ್ತದೆ. ಗಾಡಿಯಲ್ಲಿ ಕೂತ ಹತ್ತು ನಿಮಿಷಕ್ಕೆ ನಿದ್ದೆ. ನಿದ್ದೆಗೆ ಮುಂಚೆ ಎಡಗಾಲಿನ ಬೂಟು ಕಿತ್ತೆಸೆಯುತ್ತದೆ. ಯಾವಾಗಲೂ ಎಡಗಾಲಿನದೇ.

ಅವಳಿಗೆ ಒಂದು ಭಯವಿದೆ. ಇಳಿಜಾರಿನಲ್ಲಿ ಕೈ ಜಾರಿದರೆ ಎರಡೂ ಒಟ್ಟಿಗೆ ಹೋಗಿಬಿಡುತ್ತವಲ್ಲ ಎಂದು. ಒಂದನ್ನಾದರೆ ಎತ್ತಿಕೊಂಡು ನಡೆಯಬಹುದು. ಎರಡನ್ನು ಸಾಕುವ ತಾಕತ್ತು ತನಗಿದೆಯೇ ಎಂದು ದಿನವೂ ಯೋಚಿಸುತ್ತಾಳೆ. ಗಾಡಿ ಸರಿಯಾಗಿದ್ದರೆ ಅರ್ಧ ಭಯ ಹೋದೀತು ಅನ್ನುತ್ತಾಳೆ.

ನಿನ್ನ ತಂಗಿ


ಮಾರ್ಚ್ 5

ಲೇ ಗೊಣಗಿ,

ಆ ಮಗುವನ್ನೂ ನಮ್ಮ ಬುಗುರಿಯನ್ನೂ ಜೊತೆಗೆ ಬಿಡಬೇಡ, ಕಟ್ಟಡವೇ ಉಳಿಯುವುದಿಲ್ಲ! ಎಡಗಾಲಿನ ಬೂಟು ಕಿತ್ತೆಸೆಯುವುದು ಇವಳೊಬ್ಬಳದೇ ವಿದ್ಯೆ ಅಂದುಕೊಂಡಿದ್ದೆ. ಎರಡು ವರ್ಷದ ಮಕ್ಕಳೆಲ್ಲ ಒಂದೇ ಅಚ್ಚು ಅಂತ ಈಗ ಗೊತ್ತಾಯಿತು.

ಹಲಗೆ ಬೇಡ. ಹತ್ತು ನಿಮಿಷಕ್ಕೆ ನಿದ್ದೆ ಹೋಗುವ ಮಗು ಹಲಗೆಯ ಮೇಲಿಂದ ನೇರ ರಸ್ತೆಗೆ. ಅಕ್ಕಪಕ್ಕದ್ದು ಎಪ್ಪತ್ಮೂರಕ್ಕೆ ಕಡಿಮೆ ಸಿಗುವುದಿಲ್ಲ, ಎಪ್ಪತ್ತೊಂದರ ಬಾಗಿಲಲ್ಲಿ ಹೋಗದು. ಒಂದರ ಹಿಂದೆ ಒಂದೇ ಆಗಬೇಕು. ಅದೂ ಹೀಗೆ: ಚಿಕ್ಕದು ಹಿಡಿಯ ಹತ್ತಿರ, ಚಪ್ಪಟೆ ಸೀಟಿನಲ್ಲಿ, ಅಮ್ಮನ ಮುಖ ನೋಡಿಕೊಂಡು. ದೊಡ್ಡದು ಮುಂದೆ, ತಗ್ಗಿನಲ್ಲಿ, ರಸ್ತೆ ನೋಡಿಕೊಂಡು. ಚಿಕ್ಕ ಸೀಟು ಒಂದು ಕ್ಲಿಪ್ ಒತ್ತಿದರೆ ಬಿಚ್ಚಿ ಬರಬೇಕು. ಲಿಫ್ಟ್ ಮುನಿಸಿಕೊಂಡ ದಿನ ಚೌಕಟ್ಟನ್ನು ಕೆಳಗೇ ಬೀಗ ಹಾಕಿ, ಚಿಕ್ಕದನ್ನು ಸೀಟು ಸಮೇತ ಎತ್ತಿಕೊಂಡು, ದೊಡ್ಡದನ್ನು ನಡೆಸಬಹುದು.

ಇಂಥದ್ದು ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅದರ ಬ್ರೇಕ್ ನನಗೆ ಒಪ್ಪಿಗೆ ಇಲ್ಲ. ಅದಕ್ಕೆ ನಾನೇ ಮಾಡಿಕೊಡುತ್ತೇನೆ. ಎರಡು ಹಳೆ ಚೌಕಟ್ಟು ಸೇರಿಸಿ ಬೆಸುಗೆ ಹಾಕಿದರೆ ಆಯಿತು. ಬ್ರೇಕ್ ಗಾಲಿಕುರ್ಚಿಯದು ಹಾಕುತ್ತೇನೆ, ಹಿಡಿ ಬಿಟ್ಟ ತಕ್ಷಣ ತಾನೇ ಹಿಡಿದುಕೊಳ್ಳುತ್ತದೆ. ಜೊತೆಗೆ ಮಣಿಕಟ್ಟಿಗೆ ಒಂದು ಪಟ್ಟಿ. ಹೇಳು ಅವಳಿಗೆ, ಕೈ ಜಾರಿದರೂ ಗಾಡಿ ಜಾರುವುದಿಲ್ಲ. ಭಯ ಪಡುವ ತಾಯಿಯೇ ಒಳ್ಳೆಯ ತಾಯಿ, ಅದನ್ನೂ ಹೇಳು. ನಿನಗೆ ಹತ್ತಿರದಲ್ಲಿ ಒಂದು ಜೀವ ಆಸರೆಯಾಗಿದೆಯಲ್ಲ, ಅದಕ್ಕೆ ನನ್ನ ಉಡುಗೊರೆ ಅಂದುಕೊಳ್ಳಲಿ.

ನಮ್ಮ ಅಂಗಡಿಯ ಪದ್ಧತಿ ನಿನಗೆ ಗೊತ್ತು. ಪ್ರತಿ ಚೌಕಟ್ಟಿಗೂ ತಂತಿಯಲ್ಲಿ ಒಂದು ಚೀಟಿ ಕಟ್ಟಿ ಹೆಸರು ಬರೆಯಬೇಕು, ಇಲ್ಲದಿದ್ದರೆ ಯಜಮಾನರು ಮುಟ್ಟಲು ಬಿಡುವುದಿಲ್ಲ. ಅವಳ ಹೆಸರು ನೀನು ಬರೆದೇ ಇಲ್ಲ. ಸದ್ಯಕ್ಕೆ "ಎದುರು ಮನೆಯಾಕೆ" ಎಂದು ಬರೆದಿದ್ದೇನೆ.

ಮಗುವಿನ ಕೋಣೆಗೆ ನಿನ್ನ ಭಾವ ಬಣ್ಣ ಹೊಡೆಯಲು ಶುರುಮಾಡಿ ಒಂದೂವರೆ ಗೋಡೆಗೆ ನಿಲ್ಲಿಸಿಬಿಟ್ಟಿದ್ದಾರೆ. "ಯಾಕ್ರೀ, ಬ್ರಷ್ ಭಾರವಾಯ್ತಾ?" ಅಂದರೆ, "ಅರ್ಜೆಂಟೇನು, ಮೇ ಇನ್ನೂ ದೂರ ಇದೆ" ಅಂತಾರೆ. ಸೋಮಾರಿತನಕ್ಕೂ ಒಂದು ಲೆಕ್ಕ ಇಟ್ಟಿದ್ದಾರೆ. ಜೂನಿನಿಂದ ಅರ್ಧ ದಿನ ಮಾತ್ರ ಬರುತ್ತೇನೆಂದು ಯಜಮಾನರಿಗೆ ಹೇಳಿಯಾಯಿತು. ಇನ್ನೂ ಒಂದೆರಡು ವಿಷಯವಿದೆ, ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಕಬ್ಬಿಣದ ಮಾತ್ರೆ ತಪ್ಪಿಸಬೇಡ. ಮಗುವಿಗೆ ರಕ್ತ ಬೇಕು.

ನಿನ್ನ ಅಕ್ಕ


ಏಪ್ರಿಲ್ 2

ಅಕ್ಕಾ,

ತಡವಾಯಿತು. ಕಾಗದ ಶುರುಮಾಡಿ ಮೂರು ಸಲ ಹರಿದೆ.

ಗಾಡಿಗೆ ನೀನು ಇಷ್ಟು ತೊಂದರೆ ತೆಗೆದುಕೊಳ್ಳಬೇಡ. ಯಾವುದು ಒಳ್ಳೆಯದೆಂದು ಹೇಳಿದೆಯಲ್ಲ, ಸಾಕು, ಅವಳು ಇಲ್ಲೇ ಕೊಂಡುಕೊಳ್ಳುತ್ತಾಳೆ. ಕೋಣೆಗೂ ಅಷ್ಟೇ. ಭಾವ ನಿಧಾನ ಮಾಡುತ್ತಿದ್ದರೆ ಮಾಡಲಿ ಬಿಡು.

ಎದುರು ಮನೆಯವಳು ಮೊನ್ನೆ ತುಂಬ ಹೊತ್ತು ಮಾತಾಡಿದಳು. ಈ ಎರಡನೆಯದು ಅವಳಿಗೆ ಮೊದಲು ಬೇಡವಾಗಿತ್ತಂತೆ. ಈಗ ಅದು ಹೊಟ್ಟೆಯಲ್ಲಿ ಮಿಸುಕಿದರೆ ಕೈಯಲ್ಲಿದ್ದ ಕೆಲಸ ಹಾಗೇ ನಿಂತುಬಿಡುತ್ತದಂತೆ. ದೊಡ್ಡದು ಹೊಟ್ಟೆಗೆ ಕಿವಿಯಿಟ್ಟು, "ಒಳಗೆ ಯಾರೋ ಓಡಾಡ್ತಿದಾರೆ, ಬಾಗ್ಲು ತೆಗಿ" ಅನ್ನುತ್ತದಂತೆ. ಗೊತ್ತಿಲ್ಲದ ಕಾಲದಲ್ಲಿ ಏನೇನೋ ಮಾತು ಕೊಟ್ಟುಬಿಟ್ಟಿರುತ್ತೇವೆ, ಆಗ ನಾವೇ ಬೇರೆ, ಈಗ ನಾವೇ ಬೇರೆ ಅಂದಳು. ನಾನು ಏನು ಹೇಳಲಿ? ನೀನಾಗಿದ್ದರೆ ಏನು ಹೇಳುತ್ತಿದ್ದೆ?

ನಿನ್ನ ತಂಗಿ


ಏಪ್ರಿಲ್ 16

ತಂಗಿಗೆ,

ನಾನಾಗಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿದ್ದೀಯ. ಮೊದಲು ಒಂದು ವಿಷಯ ಕೇಳಿಕೋ.

ಸೋಮವಾರ ಚಕ್ರದ ಅಳತೆ ಹುಡುಕಲು ನನ್ನ ಹಳೆ ಅಳತೆ ಪುಸ್ತಕ ತೆಗೆದೆ. ಆರು ವರ್ಷದ ಹಿಂದಿನ ಪುಟ ತೆರೆದುಕೊಂಡಿತು. ನೀವು ಆ ಮನೆಗೆ ಬಂದ ದಿನದ್ದು. ನಿನ್ನ ಬೀರು ಬಾಗಿಲಲ್ಲಿ ಸಿಕ್ಕಿಕೊಂಡಿತು, ನಿನ್ನ ಗಂಡ ಬಸ್ಸು ಓಡಿಸುವ ಹಾಗೆ ಅದನ್ನು ನುಗ್ಗಿಸಿದರು, ಬಾಗಿಲಿನ ಚೌಕಟ್ಟು ಸೀಳಿತು. ಮರುದಿನ ನಾನು ಎಡಗಡೆಗೆ ಐದು ಸೆಂಟಿಮೀಟರ್ ದಪ್ಪದ ಮರದ ಪಟ್ಟಿ ಕೊಯ್ದು ಮೊಳೆ ಹೊಡೆದೆ. ಅದಕ್ಕೂ ಮೊದಲು, ಅಳತೆ ಸರಿ ನೋಡೋಣವೆಂದು ಆ ಮಹಡಿಯ ನಾಲ್ಕೂ ಮನೆಯ ಬಾಗಿಲನ್ನು ಅಳೆದಿದ್ದೆ. ಪುಟದಲ್ಲಿ ನನ್ನದೇ ಅಕ್ಷರ: "ಎಲ್ಲಾ ಬಾಗಿಲು 76. ಇದೊಂದು ಇನ್ನು ಮೇಲೆ 71."

ಆ ಕಟ್ಟಡದಲ್ಲಿ ಎಪ್ಪತ್ತೊಂದರ ಬಾಗಿಲು ಒಂದೇ ಒಂದು. ಅದನ್ನು ಎಪ್ಪತ್ತೊಂದು ಮಾಡಿದವಳು ನಾನು.

ಮೊದಲು ನಿನ್ನ ಪರವಾಗಿಯೇ ಯೋಚಿಸಿದೆ. ಎದುರು ಮನೆಯಾಕೆಗೆ ಟೇಪ್ ಇರಲಿಲ್ಲವೇನೋ, ಎಲ್ಲ ಒಂದೇ ಅಳತೆ ಎಂದು ತಂಗಿ ತನ್ನ ಬಾಗಿಲನ್ನೇ ಅಳೆದಿದ್ದಾಳೆ ಅಂದುಕೊಂಡೆ. ಎರಡು ದಿನ ಆ ಮಾತನ್ನೇ ಹಿಡಿದುಕೊಂಡು ಕೆಲಸ ಮಾಡಿದೆ. ಆಮೇಲೆ ನಿನ್ನ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆ. ಹನ್ನೆರಡು ಕಿಲೋ. ಎಡಗಾಲಿನ ಬೂಟು. ದಿನವಿಡೀ ಕೆಲಸದ ಮೇಲಿರುವ ಗಂಡ. ಕೊಟ್ಟುಬಿಟ್ಟ ಮಾತು.

ಎದುರು ಮನೆಯಲ್ಲಿ ಯಾರಾದರೂ ಇದ್ದಾರೆಯೇ? ಇದ್ದಾರೆ ಅಥವಾ ಇಲ್ಲ, ಎರಡರಲ್ಲಿ ಒಂದು ಬರೆ. ಕಥೆ ಬೇಡ.


ಏಪ್ರಿಲ್ 22

ಅಕ್ಕಾ,

ಇಲ್ಲ. ಎದುರು ಮನೆ ಖಾಲಿ ಬಿದ್ದು ವರ್ಷವಾಯಿತು.

ಕಥೆ ಬೇಡ ಅಂದೆ. ಆದರೂ ಹೇಳದೆ ನಾನು ಬದುಕಲಾರೆ. ಜನವರಿ ಹದಿನೇಳರಂದು ಮಗು ಮೊದಲ ಸಲ ಒದೆಯಿತು. ತಾರೀಖು ಬರೆದಿಟ್ಟುಕೊಂಡಿದ್ದೆ, ನಿನಗೆ ಸುಳ್ಳು ಹೇಳಿದೆ. ಲಾಂಡ್ರಿಯಲ್ಲಿ ಯಾರದೋ ಕೋಟು ಹಿಡಿದು ಚೀಟಿ ಹುಡುಕುತ್ತಿದ್ದೆ. ಆ ಕೋಟನ್ನು ಎದೆಗೊತ್ತಿಕೊಂಡು ನಿಂತೆ. ಈ ಮಗುವನ್ನು ಕೊಡಲಾರೆ ಅಂತ ಆಗಲೇ ಗೊತ್ತಾಯಿತು. ಅದೇ ಕ್ಷಣ ನಿನ್ನ ಮುಖ ನೆನಪಾಯಿತು.

ಬರೆಯಲು ಕೂತಾಗೆಲ್ಲ ನಿನ್ನ ನೇರಳೆ ಬಟ್ಟೆ ಕಣ್ಣ ಮುಂದೆ ಬರುತ್ತಿತ್ತು. ಇಬ್ಬರನ್ನು ಹೇಗೆ ಸಂಭಾಳಿಸುವುದು ಎಂಬ ಭಯ ಒಂದು ಕಡೆ. ಆ ಭಯವನ್ನು ನಾನು ಯಾರ ಹತ್ತಿರ ಹೇಳಿಕೊಳ್ಳಲಿ? ಚಿಕ್ಕಂದಿನಿಂದ ಏನು ಬೇಕಾದರೂ ನಿನ್ನನ್ನೇ ಕೇಳಿದವಳು. ಈ ಲೋಕದಲ್ಲಿ ನಾನು ಕೇಳಬಾರದಿದ್ದ ಒಬ್ಬಳೇ ಒಬ್ಬಳನ್ನು ಕೇಳಿದೆ. ಅದಕ್ಕೊಂದು ಎದುರು ಮನೆ ಹುಟ್ಟಿಸಿಕೊಂಡೆ. ನೀನು ಅವಳಿಗೆ ಬರೆದದ್ದನ್ನು ಓದಿ ಅತ್ತಿದ್ದೇನೆ ಅಕ್ಕಾ. "ಭಯ ಪಡುವ ತಾಯಿಯೇ ಒಳ್ಳೆಯ ತಾಯಿ" ಎಂದೆ. ನನಗೆ ಯಾವತ್ತೂ ಹಾಗೆ ಹೇಳಿರಲಿಲ್ಲ ನೀನು. ನನಗೆ ಹಾಲು ಕುಡಿ, ಮಾತ್ರೆ ನುಂಗು, ಮಗುವಿಗೆ ರಕ್ತ ಬೇಕು, ಇಷ್ಟೇ. ಬಂದ ಪ್ರತಿ ಕಾಗದದಲ್ಲೂ ನಾನು ಮಗು ತುಂಬಿಟ್ಟ ಡಬ್ಬಿ. ಇದನ್ನು ಸಮಜಾಯಿಷಿಗೆ ಹೇಳುತ್ತಿಲ್ಲ. ಸಿಟ್ಟು ಬಂದಿತ್ತು, ಅದಕ್ಕೆ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ. ಬೇರೆ ಯಾರಿಂದಲೋ ಗೊತ್ತಾಗುವುದಕ್ಕಿಂತ ನನ್ನಿಂದಲೇ ಗೊತ್ತಾಗಲಿ. ಭಾವನಿಗೆ ತಿಳಿದಿದೆ. ಫೆಬ್ರವರಿ ಮಧ್ಯದಲ್ಲಿ ನಾನೇ ಶಾಲೆಗೆ ಫೋನ್ ಮಾಡಿ ಹೇಳಿದೆ. ನಿನಗೆ ನಿಧಾನವಾಗಿ ತಿಳಿಸಿ ಎಂದು ಬೇಡಿಕೊಂಡೆ. ಮೇ ತಿಂಗಳಿಗೆ ಇನ್ನು ಎಷ್ಟು ವಾರವಿದೆ ಎಂದು ಅವರು ಲೆಕ್ಕ ಹಾಕಿದರು. ಆಮೇಲೆ, "ಈಗ ಬೇಡಮ್ಮ, ಅವಳು ಇಷ್ಟು ಖುಷಿಯಾಗಿರೋದನ್ನ ನಾನು ಎಷ್ಟೋ ವರ್ಷದಿಂದ ನೋಡಿಲ್ಲ. ಸಮಯ ನೋಡಿ ಹೇಳ್ತೀನಿ" ಅಂದರು. ಅವರನ್ನು ಬೈಯಬೇಡ.

ನನ್ನನ್ನು ಬೈಯಿ. ಎಷ್ಟು ಬೇಕಾದರೂ ಬೈಯಿ. ಸುಮ್ಮನೆ ಮಾತ್ರ ಇರಬೇಡ.

ನಿನ್ನ ಗೊಣಗಿ


ಮೇ 8

ಅಕ್ಕಾ,

ಹದಿನಾರು ದಿನವಾಯಿತು. ಭಾವನಿಗೆ ಫೋನ್ ಮಾಡಿದರೆ, "ಕಾಗದ ಓದಿದಾಳೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಒಂದು ಸಾಲು ಬರೆ. ಕೆಟ್ಟ ಮಾತೇ ಆಗಲಿ.


ಜೂನ್ 3

ಪ್ರೀತಿಯ ಅಕ್ಕ,

ಮೇ ಇಪ್ಪತ್ತನಾಲ್ಕಕ್ಕೆ ಹುಟ್ಟಿತು. ಹೆಣ್ಣು. ಮೂರು ಕಿಲೋ. ಬಲಗಡೆ ಹುಬ್ಬು ನಿನ್ನ ಹಾಗೆ ಮೇಲಕ್ಕೆ ಏರಿದೆ, ಏನು ಕೊಟ್ಟರೂ ಅನುಮಾನದಿಂದಲೇ ನೋಡುತ್ತದೆ. ಬುಗುರಿ ತೊಟ್ಟಿಲ ಸುತ್ತ ತಿರುಗಿ ತಿರುಗಿ ತಲೆಸುತ್ತಿ ಬಿದ್ದಳು.

ನಿನ್ನೆ ಲಾರಿಯವರು ಬಂದು ಗಾಡಿ ಇಳಿಸಿ ಹೋದರು. ನೀನು ಕಳಿಸುತ್ತೀಯೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕಾಗದವಿದೆಯೇನೋ ಎಂದು ಎಲ್ಲ ಕಡೆ ಹುಡುಕಿದೆ. ಸೀಟಿನ ಕೆಳಗೆ, ಬಟ್ಟೆಯ ಮಡಿಕೆಯಲ್ಲಿ, ಸಾಮಾನಿನ ಬುಟ್ಟಿಯಲ್ಲಿ. ಏನೂ ಇರಲಿಲ್ಲ. ಚಿಕ್ಕ ಸೀಟಿಗೆ ಅದೇ ನೇರಳೆ ಬಟ್ಟೆ ಹಾಕಿದ್ದೀಯ. ಗಾಡಿ ನಮ್ಮ ಬಾಗಿಲಲ್ಲಿ ನೀರಿನ ಹಾಗೆ ದಾಟಿತು. ಹಿಡಿಗೆ ತಂತಿಯಲ್ಲಿ ಕಟ್ಟಿದ ಚೀಟಿ ಮಾತ್ರ ಹಾಗೇ ಇದೆ: "ಎದುರು ಮನೆಯಾಕೆ". ಬಿಚ್ಚಲು ನನಗೆ ಕೈ ಬರುತ್ತಿಲ್ಲ.

ಬಾ ಅಕ್ಕಾ. ಒಂದು ಸಲ ಬಂದು ಎತ್ತಿಕೋ. ದೊಡ್ಡಮ್ಮನಾಗಿ ಬಾ. ಗಾಡಿ ಕಳಿಸಿದ್ದೀಯ ಅಂದರೆ ನಿನ್ನ ಸಿಟ್ಟು ಇಳಿದಿದೆ ಎಂದೇ ನಾನು ತಿಳಿದುಕೊಳ್ಳುತ್ತೇನೆ.

ನಿನ್ನ ಗೊಣಗಿ


ಜೂನ್ 15

ಎದುರು ಮನೆಯಾಕೆಗೆ,

ನಮಸ್ಕಾರ. ನಿಮಗೂ ನನಗೂ ಪರಿಚಯವಿಲ್ಲ. ಗಾಡಿ ತಲುಪಿತೆಂದು ತಿಳಿಯಿತು. ನಮ್ಮ ಅಂಗಡಿಯಿಂದ ಹೋದ ಯಾವ ಗಾಡಿಯನ್ನೂ ಬಳಸುವ ಬಗೆ ಹೇಳದೆ ಕಳಿಸುವುದಿಲ್ಲ. ಆ ಒಂದು ಕೆಲಸ ಬಾಕಿ ಇತ್ತು, ಅದಕ್ಕೆ ಬರೆಯುತ್ತಿದ್ದೇನೆ.

ಗಾಡಿಯ ಅಗಲ ಅರವತ್ತೊಂದು. ನಿಮ್ಮ ಬಾಗಿಲಲ್ಲಿ ಎರಡೂ ಕಡೆ ಐದೈದು ಸೆಂಟಿಮೀಟರ್ ಉಳಿಯುತ್ತದೆ. ಮುಂದಿನ ಚಕ್ರದ ಬೋಲ್ಟುಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡಿ. ಇಳಿಜಾರಿನಲ್ಲಿ ಮಣಿಕಟ್ಟಿನ ಪಟ್ಟಿ ಹಾಕಿಕೊಳ್ಳದೆ ಇಳಿಯಬೇಡಿ. ದೊಡ್ಡ ಮಗುವನ್ನು ಮೊದಲು ಕೂರಿಸಿ, ಚಿಕ್ಕದನ್ನು ಆಮೇಲೆ. ಇಳಿಸುವಾಗ ಚಿಕ್ಕದು ಮೊದಲು. ಎಡಗಾಲಿನ ಬೂಟಿಗೆಂದು ಚೌಕಟ್ಟಿಗೆ ಒಂದು ಲಾಡಿ ಕಟ್ಟಿದ್ದೇನೆ, ಬೂಟನ್ನು ಅದಕ್ಕೆ ಬಿಗಿದರೆ ಇನ್ನು ಮೇಲೆ ರಸ್ತೆಯಲ್ಲಿ ಹುಡುಕಬೇಕಾಗಿಲ್ಲ.

ನೇರಳೆ ಸೀಟು ನಿಮಗೆಂದು ಹೊಲಿದದ್ದಲ್ಲ. ಬೇರೊಂದು ಒಂಟಿ ಗಾಡಿಗೆ ಹೊಲಿದಿದ್ದೆ. ಆ ಗಾಡಿಯ ಗಿರಾಕಿ ಬರಲಿಲ್ಲ. ಹೊಲಿದ ಸೀಟನ್ನು ಸುಮ್ಮನೆ ಕೊಳೆಯಲು ಬಿಡುವ ಅಭ್ಯಾಸ ನನಗಿಲ್ಲ. ಗಾಡಿ ಕಳಿಸಿದ್ದನ್ನು ಕ್ಷಮಿಸಿದ್ದು ಎಂದು ಯಾರಾದರೂ ತಿಳಿದರೆ, ಹಾಗಲ್ಲ ಎಂದು ನೀವೇ ಹೇಳಿಬಿಡಿ. ಮಕ್ಕಳು ಗಾಡಿಯಲ್ಲಿ ಕೂರುತ್ತವೆ. ಅವು ಯಾರಿಗೂ ಯಾವ ಮಾತನ್ನೂ ಕೊಟ್ಟಿರಲಿಲ್ಲ.

ಪರಿಚಯವಿಲ್ಲದವರಿಗೆ ಕೆಲವು ಮಾತು ಹೇಳುವುದು ಸುಲಭ. ಜನವರಿಯಲ್ಲಿ ದೊಡ್ಡ ಆಸ್ಪತ್ರೆಯೊಂದರವರು ತಮ್ಮ ರಿಪೇರಿ ವಿಭಾಗಕ್ಕೆ ನನ್ನನ್ನು ಮುಖ್ಯಸ್ಥೆಯಾಗಿ ಕರೆದಿದ್ದರು. ಮನೆಗೆ ಮಗು ಬರುತ್ತದೆ, ದಿನವಿಡೀ ದುಡಿಯಲಾಗುವುದಿಲ್ಲ ಎಂದು ಬೇಡವೆಂದೆ. ನನ್ನ ತಂಗಿಗೆ ಅದನ್ನು ಹೇಳಿರಲಿಲ್ಲ. ಅವಳಿಗೆ ಹೊರೆಯಾದೀತೆಂದು ಹೇಳಲಿಲ್ಲ. ಈಗ ಆ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಅರ್ಧ ದಿನ ಬೇಡ, ಪೂರ್ತಿ ದಿನವೇ ಇರುತ್ತೇನೆ ಎಂದು ನಮ್ಮ ಯಜಮಾನರಿಗೆ ಹೇಳಿದೆ. ಗೋಡೆಗೆ ತೂಗುಹಾಕಿದ ಒಂಟಿ ಚೌಕಟ್ಟು ನೋಡಿ, "ಟೀ ಕುಡೀತೀಯೇನಮ್ಮ?" ಎಂದು ಕೇಳಿದರು.

ನನ್ನ ಮನೆಯಲ್ಲಿ ಒಂದು ಕೋಣೆಗೆ ಒಂದೂವರೆ ಗೋಡೆ ಬಣ್ಣವಾಗಿದೆ. ಬಣ್ಣ ಹೊಡೆದವರಿಗೆ, ಬ್ರಷ್ ಕೆಳಗಿಟ್ಟ ದಿನವೇ ಎಲ್ಲ ಗೊತ್ತಿತ್ತು. ಸೋಮಾರಿ ಎಂದು ನಾನು ರೇಗಿಸಿದಾಗ ಅವರು ನಕ್ಕರು. ಆ ನಗುವನ್ನು ನಾನು ಮರೆಯಲಾರೆ. ಇವಳಿಗೆ ಕೇಳಿಸುವುದಿಲ್ಲ ಅಂದುಕೊಂಡು ಅವರೂ ನನ್ನ ತಂಗಿಯೂ ನನ್ನ ತಲೆಯ ಮೇಲಿಂದಲೇ ಮಾತಾಡಿಕೊಂಡರು. ಈಗ ನಾನು ಕೇಳದ ಕಿವಿಯನ್ನು ಅವರ ಕಡೆ ತಿರುಗಿಸಿ ಮಲಗುತ್ತೇನೆ.

ನನ್ನ ತಂಗಿ ಬರೆದಿದ್ದಳು, ನಾನು ಅವಳನ್ನು ಡಬ್ಬಿ ಮಾಡಿದೆನೆಂದು. ನಿಜವಿರಬಹುದು. ಓದಿದ ದಿನದಿಂದ ಯೋಚಿಸುತ್ತಿದ್ದೇನೆ. ಆದರೆ ನವೆಂಬರಿನ ಮಾತನ್ನು ಮುರಿದದ್ದಕ್ಕೆ ನನಗೆ ಅಷ್ಟು ನೋವಿಲ್ಲ. ಹೆತ್ತ ಕರುಳು, ಮುರಿದಳು. "ಕೊಡಲಾರೆ ಅಕ್ಕಾ" ಎಂದು ಎರಡು ಪದ ಬರೆದಿದ್ದರೆ, ನಾನು ಒಂದು ತಿಂಗಳು ಅತ್ತು, ಆಮೇಲೆ ಅವಳಿಗಾಗಿಯೇ ಈ ಗಾಡಿ ಮಾಡಿಕೊಡುತ್ತಿದ್ದೆ. ಅವಳಿಗೆ ನನ್ನ ಕೈ ಬೇಕಾಗಿತ್ತು, ನಾನು ಬೇಕಾಗಿರಲಿಲ್ಲ. ಅದಕ್ಕೆ ನಿಮ್ಮನ್ನು ಮುಂದೆ ನಿಲ್ಲಿಸಿದಳು. ನಿಮ್ಮ ಬಾಗಿಲು ನಿಜಕ್ಕೂ ಎಪ್ಪತ್ತಾರು. ನೀವು ನಿಜವಾಗಿದ್ದರೆ ಅಕ್ಕಪಕ್ಕದ ಗಾಡಿಯೇ ಸಾಕಾಗುತ್ತಿತ್ತು.

ಬ್ರೇಕ್ ಬಗ್ಗೆ ಭಯ ಬೇಡ. ಅದನ್ನು ನೂರು ಸಲ ಪರೀಕ್ಷೆ ಮಾಡಿದ್ದೇನೆ. ಬಿಟ್ಟ ತಕ್ಷಣ ಹಿಡಿದುಕೊಳ್ಳುತ್ತದೆ. ಏನಾದರೂ ತೊಂದರೆಯಾದರೆ ಅಂಗಡಿಯ ವಿಳಾಸಕ್ಕೆ ಬರೆಯಿರಿ, ಯಜಮಾನರು ಉತ್ತರಿಸುತ್ತಾರೆ.

ನಿಮ್ಮ ಎದುರು ಮನೆಯಲ್ಲಿ ನನ್ನ ತಂಗಿ ಒಬ್ಬಳು ಇದ್ದಳು. ಸಿಕ್ಕಿದರೆ, ನಾನು ಕೇಳಿದೆ ಅಂತ ಹೇಳಬೇಡಿ.

ಇತಿ,
ಗಾಡಿ ಮಾಡಿದವಳು